ಸಿರಿಂಜ್ ಔಷಧಿಯನ್ನು ಹೀರುವುದು ಹೇಗೆ? ನರ್ಸ್ ಮೊದಲು ಬಾಟಲಿಗೆ ಗಾಳಿ ಚುಚ್ಚುವುದೇಕೆ?

ನಿಜ ಹೇಳಬೇಕೆಂದರೆ ಸಿರಿಂಜ್ ಏನನ್ನೂ ಹೀರುವುದಿಲ್ಲ. ಹೊರಗಿನ ಗಾಳಿಯೇ ದ್ರವವನ್ನು ಅದರೊಳಗೆ ತಳ್ಳುತ್ತದೆ.

ಗಾಳಿಗೂ ತೂಕವಿದೆ, ಅಲ್ವಾ? ಸಮುದ್ರಮಟ್ಟದಲ್ಲಿ ಅದು ಪ್ರತಿ ಚದರ ಸೆಂಟಿಮೀಟರ್ ಮೇಲೆ ಸುಮಾರು 1 ಕೆಜಿ ಭಾರದಷ್ಟು ಒತ್ತುತ್ತದೆ. ಲೋಟದಲ್ಲಿರುವ ನೀರಿನ ಮೇಲೂ ಈ ಒತ್ತಡ ಸದಾ ಇದ್ದೇ ಇರುತ್ತದೆ. ಸಿರಿಂಜಿನ ತುದಿಯನ್ನು ನೀರಿನಲ್ಲಿಟ್ಟು ಒಳಗಿನ ದಂಡವನ್ನು, ಅಂದರೆ ಪ್ಲಂಜರನ್ನು, ಹಿಂದಕ್ಕೆ ಎಳೆಯಿರಿ. ಒಳಗೆ ಜಾಗ ಹೆಚ್ಚುತ್ತದೆ, ಆದರೆ ಅಲ್ಲಿದ್ದ ಚೂರು ಗಾಳಿ ಅಷ್ಟೇ ಇರುತ್ತದೆ. ಅದು ಜಾಸ್ತಿ ಜಾಗಕ್ಕೆ ಹರಡಿಕೊಂಡಾಗ ಒತ್ತಡ ಇಳಿಯುತ್ತದೆ. ಹೊರಗೆ ಹೆಚ್ಚು, ಒಳಗೆ ಕಡಿಮೆ. ನೀರು ಒಳಕ್ಕೆ ನುಗ್ಗುತ್ತದೆ. ಸ್ಟ್ರಾ ಹಾಕಿ ಎಳನೀರು ಕುಡಿಯುವುದೂ ಹೀಗೇ.

ಔಷಧಿ ಬಾಟಲಿಯ ಕಥೆ ಸ್ವಲ್ಪ ಬೇರೆ. ಅದರ ಬಾಯಿಗೆ ರಬ್ಬರ್ ಮುಚ್ಚಳವಿದೆ, ಹೊರಗಿನ ಗಾಳಿ ಒಳಗೆ ಹೋಗುವಂತಿಲ್ಲ. ಔಷಧಿ ತೆಗೆದಷ್ಟೂ ಬಾಟಲಿಯೊಳಗಿನ ಒತ್ತಡವೂ ಇಳಿಯುತ್ತಾ ಹೋಗುತ್ತದೆ. ಆಮೇಲೆ ತಳ್ಳುವವರು ಯಾರು? ಪ್ಲಂಜರ್ ಎಳೆಯುವುದು ಕಷ್ಟವಾಗುತ್ತದೆ, ಬಿಟ್ಟರೆ ಹಿಂದಕ್ಕೆ ಓಡುತ್ತದೆ. ಅದಕ್ಕೇ 2 ಮಿಲಿ ಔಷಧಿ ಬೇಕಿದ್ದರೆ ಸಾಮಾನ್ಯವಾಗಿ ಮೊದಲು 2 ಮಿಲಿ ಗಾಳಿಯನ್ನು ಒಳಗೆ ಬಿಡುತ್ತಾರೆ. ತೆಗೆದ ಔಷಧಿಯ ಜಾಗವನ್ನು ಆ ಗಾಳಿ ತುಂಬುತ್ತದೆ, ಒತ್ತಡ ಕುಸಿಯುವುದಿಲ್ಲ.

ಮನೆಯಲ್ಲೇ ನೋಡಬೇಕಾ? ಮಕ್ಕಳಿಗೆ ಸಿರಪ್ ಕುಡಿಸುವ, ಸೂಜಿ ಇಲ್ಲದ ಸಿರಿಂಜ್ ತೆಗೆದುಕೊಳ್ಳಿ. ತುದಿಯನ್ನು ಬೆರಳಿನಿಂದ ಬಿಗಿಯಾಗಿ ಮುಚ್ಚಿ ಪ್ಲಂಜರ್ ಎಳೆದು ಬಿಡಿ. ಯಾರೋ ತಳ್ಳಿದಂತೆ ಅದು ವಾಪಸ್ ಹೋಗುತ್ತದೆ. ತಳ್ಳಿದ್ದು ಕೋಣೆಯ ಗಾಳಿ.