43 ಲಕ್ಷದಿಂದ 84 ಲಕ್ಷಕ್ಕೆ: ಬೆಂಗಳೂರು ಹತ್ತು ವರ್ಷದಲ್ಲಿ ದುಪ್ಪಟ್ಟಾಯಿತು ಎಂದು ಪ್ರಬಂಧದಲ್ಲಿ ಬರೆಯಬಹುದೇ?

ದಯವಿಟ್ಟು ಬರೆಯಬೇಡಿ. 2001ರಲ್ಲಿ 43 ಲಕ್ಷ, 2011ರಲ್ಲಿ 84 ಲಕ್ಷ, ಐಟಿ ಬಂದು ಊರು ದುಪ್ಪಟ್ಟಾಯಿತು ಎಂಬ ಸಾಲಿನಿಂದ ಎಂ.ಎ. ಪ್ರಬಂಧ ಶುರು ಮಾಡುವ ಯೋಚನೆ ನಿಮ್ಮದು. ಇದೇ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಒಂದಿಡೀ ಅಧ್ಯಾಯ ಕಳೆದುಕೊಂಡವನು ನಾನು. ಹಾಗಾಗಿ ಆ ಒಂದು ತಪ್ಪಿನ ಬಗ್ಗೆಯೇ ಹೆಚ್ಚು ಹೇಳುತ್ತೇನೆ. ಯಾವ ಅಂಕಿಅಂಶ ಬಳಸಬೇಕು ಎಂಬ ನಿಮ್ಮ ಇನ್ನೊಂದು ಪ್ರಶ್ನೆಗೆ ಉತ್ತರವೂ ಅದರೊಳಗೇ ಇದೆ.

ಎರಡೂ ಅಂಕಿ ಸರಿಯೇ. 2001ರ ಜನಗಣತಿಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ ಜನಸಂಖ್ಯೆ 43,01,326. 2011ರಲ್ಲಿ ಅದರ ಜಾಗಕ್ಕೆ ಬಂದಿದ್ದ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯದು (ಬಿಬಿಎಂಪಿ) 84,43,675. ಕಳೆದು ಭಾಗಿಸಿದರೆ 96% ಏರಿಕೆ. ಆದರೆ ಇವೆರಡೂ ಒಂದೇ ನೆಲದ ಎಣಿಕೆಯಲ್ಲ. 2007ರ ಜನವರಿಯಲ್ಲಿ ಹಳೆಯ ಪಾಲಿಕೆಯ 100 ವಾರ್ಡುಗಳ ಜೊತೆಗೆ ಬೊಮ್ಮನಹಳ್ಳಿ, ಮಹದೇವಪುರ, ಕೆ.ಆರ್. ಪುರ, ಬ್ಯಾಟರಾಯನಪುರ, ಯಲಹಂಕ, ದಾಸರಹಳ್ಳಿ, ರಾಜರಾಜೇಶ್ವರಿ ನಗರ ಎಂಬ ಏಳು ನಗರಸಭೆಗಳು, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳು ಸೇರಿ ಬಿಬಿಎಂಪಿ ಆಯಿತು. ವಿಸ್ತೀರ್ಣವೇ ಮೂರು ಪಟ್ಟಾಯಿತು. ಯಲಹಂಕದಲ್ಲಿ ತಲೆತಲಾಂತರದಿಂದ ಇದ್ದವರೂ ನಿಮ್ಮ ಲೆಕ್ಕದಲ್ಲಿ ‘ಹೊಸದಾಗಿ ಬಂದವರು’ ಆಗಿಬಿಡುತ್ತಾರೆ.

ಇದು ಎಷ್ಟು ದೊಡ್ಡ ಎಡವಟ್ಟು ಎಂದು ನೋಡಲು ಬೆಂಗಳೂರು ನಗರ ಜಿಲ್ಲೆಯ ಅಂಕಿ ತೆಗೆಯಿರಿ. ಆ ಹತ್ತು ವರ್ಷದಲ್ಲಿ ಜಿಲ್ಲೆಯ ಗಡಿ ಬದಲಾಗಲಿಲ್ಲ. 2001ರಲ್ಲಿ 65,37,124, 2011ರಲ್ಲಿ 96,21,551. ಇಡೀ ಜಿಲ್ಲೆಗೆ ಸೇರಿದ ಜನ 30,84,427. ನಿಮ್ಮ ಲೆಕ್ಕದ ಪ್ರಕಾರ ಅದೇ ಜಿಲ್ಲೆಯೊಳಗಿನ ಪಾಲಿಕೆಯೊಂದಕ್ಕೇ ಸೇರಿದವರು 41,42,349. ಜಿಲ್ಲೆಗೇ 31 ಲಕ್ಷ ಬಂದಿರುವಾಗ ಅದರ ಒಂದು ಭಾಗಕ್ಕೆ 41 ಲಕ್ಷ ಬರಲು ಸಾಧ್ಯವೇ? ಪಾಲಿಕೆಯ ಹೊರಗಿನ ಭಾಗ ನೋಡಿದರೆ ಇನ್ನೂ ವಿಚಿತ್ರ. ಅಲ್ಲಿ 22 ಲಕ್ಷ ಇದ್ದದ್ದು 12 ಲಕ್ಷದ ಹತ್ತಿರಕ್ಕೆ ಇಳಿಯುತ್ತದೆ. ಊರಿನ ಅಂಚಿನಲ್ಲಿ ಬಡಾವಣೆಗಳು ಏಳುತ್ತಿದ್ದ ಕಾಲದಲ್ಲಿ ಅಂಚು ಅರ್ಧ ಖಾಲಿಯಾಯಿತು ಎಂದು ಹೇಳಿದಂತಾಯಿತು. ಪರೀಕ್ಷಕರು ಇಷ್ಟನ್ನು ಒಂದು ಚೀಟಿಯ ಮೇಲೆ ಕಳೆದು ನೋಡಿದರೂ ಮುಂದಿನ ಪುಟ ತಿರುಗಿಸುವುದಿಲ್ಲ.

ಜಿಲ್ಲೆಯ ಬೆಳವಣಿಗೆ 47.18%. ಅದನ್ನು ಹತ್ತರಿಂದ ಭಾಗಿಸಿ ವರ್ಷಕ್ಕೆ 4.7% ಎಂದೂ ಬರೆಯಬೇಡಿ. ಚಕ್ರಬಡ್ಡಿಯ ಲೆಕ್ಕದಲ್ಲಿ ಅದು ವರ್ಷಕ್ಕೆ 3.94%. ಜನಗಣತಿಯ ನಗರ ಸಮುಚ್ಚಯ, ಅಂದರೆ ಪಾಲಿಕೆಯ ಜೊತೆಗೆ ಅದಕ್ಕೆ ಅಂಟಿಕೊಂಡ ಪಟ್ಟಣಗಳು, 57,01,446ರಿಂದ 85,20,435ಕ್ಕೆ ಹೋಗಿ 49.4% ತೋರಿಸುತ್ತದೆ. ಒಂದೇ ಬೆಂಗಳೂರಿಗೆ 96, 49, 47 ಎಂಬ ಮೂರು ಉತ್ತರ. ನನ್ನನ್ನು ಕೇಳಿದರೆ ಜಿಲ್ಲೆಯ ಅಂಕಿಯನ್ನೇ ಬಳಸಿ. ಅದರಲ್ಲಿ ಆನೇಕಲ್ ಕಡೆಯ ಹೊಲಗದ್ದೆಗಳೂ ಸೇರುತ್ತವೆ ನಿಜ, ಆದರೆ ಗಡಿ ಗಟ್ಟಿಯಾಗಿದೆ.

ಜಿಲ್ಲೆಯ ಗಡಿ ಎಂದಮಾತ್ರಕ್ಕೆ ಎಲ್ಲವನ್ನೂ ನಂಬುವಂತಿಲ್ಲ. ಬೆಂಗಳೂರು ಗ್ರಾಮಾಂತರ ಜಿಲ್ಲೆ 2001ರ ಜನಗಣತಿಯಲ್ಲಿ 18,81,514, 2011ರಲ್ಲಿ 9,90,923. ಅರ್ಧ ಜನ ಗುಳೆ ಹೋದರೇ? ಇಲ್ಲ, 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾಯಿತು, ಅಷ್ಟೇ. ಹೊಸ ಗಡಿಗೆ ಹೊಂದಿಸಿದ 2001ರ ಅಂಕಿ ಗ್ರಾಮಾಂತರಕ್ಕೆ 8,50,968, ರಾಮನಗರಕ್ಕೆ 10,30,546. ಹಾಗೆ ನೋಡಿದರೆ ಗ್ರಾಮಾಂತರ 16.4% ಬೆಳೆದಿದೆ, ರಾಮನಗರ 5% ಮಾತ್ರ. ಬೆಂಗಳೂರಿನ ಬಾಗಿಲಲ್ಲೇ ಇರುವ ಜಿಲ್ಲೆ ಹತ್ತು ವರ್ಷದಲ್ಲಿ ಬರೀ 5% ಬೆಳೆದಿದೆ ಎಂಬುದು ನಿಮ್ಮ ದುಪ್ಪಟ್ಟಿನ ಸಾಲಿಗಿಂತ ಎಷ್ಟೋ ದೊಡ್ಡ ವಿಷಯ. ಅಲ್ಲಿನ ಹುಡುಗರು ಎಲ್ಲಿಗೆ ಹೋದರು ಎಂಬುದೇ ಒಂದು ಅಧ್ಯಾಯವಾಗುತ್ತದೆ.

ಪಾಲಿಕೆಯನ್ನೇ ಅಧ್ಯಯನ ಮಾಡಬೇಕೆಂದಿದ್ದರೆ 2001ರ ಜನಸಂಖ್ಯೆಯನ್ನು 2011ರ ಗಡಿಯೊಳಗೆ ನೀವೇ ಕಟ್ಟಬೇಕು. 2001ರ ಪಿಸಿಎ, ಅಂದರೆ ಹಳ್ಳಿ ಮತ್ತು ವಾರ್ಡುವಾರು ಅಂಕಿ ಕೊಡುವ ಜನಗಣತಿಯ ಪ್ರಾಥಮಿಕ ಸಾರಾಂಶದ (Primary Census Abstract) ಕೋಷ್ಟಕ ತೆರೆದು 100 ವಾರ್ಡು, ಏಳು ನಗರಸಭೆ, ಕೆಂಗೇರಿ ಮತ್ತು 110 ಹಳ್ಳಿಗಳನ್ನು ಒಂದೊಂದು ಸಾಲಾಗಿ ಒಂದೇ ಶೀಟಿಗೆ ತನ್ನಿ. ಹಳ್ಳಿಗಳ ಪಟ್ಟಿ ಸರ್ಕಾರದ ಅಧಿಸೂಚನೆಯಲ್ಲಿದೆ. ಎಡವುವುದು ಹೆಸರುಗಳಲ್ಲಿ. ರಾಜರಾಜೇಶ್ವರಿ ನಗರ ಎಂದು ಹುಡುಕಿದರೆ 2001ರಲ್ಲಿ ಆ ನಗರಸಭೆ ಸಿಗುವುದಿಲ್ಲ, ಆಗ ಅದು ಪಟ್ಟಣಗೆರೆ. ಬ್ಯಾಟರಾಯನಪುರ ಎರಡಿವೆ: ಒಂದು ಬಳ್ಳಾರಿ ರಸ್ತೆ ಕಡೆಯ ನಗರಸಭೆ, ಇನ್ನೊಂದು ಮೈಸೂರು ರಸ್ತೆಯದು. ಒಂದರ ಬದಲು ಇನ್ನೊಂದು ಬಂದರೂ ಎಕ್ಸೆಲ್ ತುಟಿ ಬಿಚ್ಚುವುದಿಲ್ಲ. ಒಂದೇ ಹೆಸರಿನ ಹಳ್ಳಿಗಳು ಬೇರೆ ಬೇರೆ ಹೋಬಳಿಯಲ್ಲಿರುತ್ತವೆ, ಆದ್ದರಿಂದ ತಾಲ್ಲೂಕು, ಹೋಬಳಿ ಮತ್ತು ಸಂಕೇತ ಸಂಖ್ಯೆ ಮೂರನ್ನೂ ಹೊಂದಿಸಿ ನೋಡಿ. ಆ ಸಂಖ್ಯೆಗಳೂ 2001ರಿಂದ 2011ಕ್ಕೆ ಬದಲಾಗಿವೆ, ಹಾಗಾಗಿ ಹೊಂದಾಣಿಕೆಯ ಪಟ್ಟಿಯನ್ನು ಕೈಯಾರೆ ಮಾಡಲೇಬೇಕು. ಬೇಚರಾಕ್, ಅಂದರೆ ಜನವಸತಿಯಿಲ್ಲದ ಗ್ರಾಮಗಳಲ್ಲಿ ಜನಸಂಖ್ಯೆ ಸೊನ್ನೆ ಇರುತ್ತದೆ. ಅವನ್ನು ಅಳಿಸಬೇಡಿ, ಮುಂದೆ ಬಡಾವಣೆ ಏಳುವುದು ಅಲ್ಲೇ ಇರಬಹುದು. ಹಳ್ಳಿಯ ಒಂದು ಭಾಗ ಪಟ್ಟಣಕ್ಕೆ ಅಂಟಿ ಬೆಳೆದ ‘ಹೊರಬೆಳವಣಿಗೆ’ಯಾಗಿ (outgrowth) ಒಂದು ಸಾಲಿನಲ್ಲಿ, ಉಳಿದದ್ದು ಹಳ್ಳಿಯಾಗಿ ಇನ್ನೊಂದು ಸಾಲಿನಲ್ಲಿ ಇರುವುದುಂಟು. ಎರಡನ್ನೂ ಹುಡುಕಿ ಕೂಡಿಸಿ.

ಇನ್ನು ಐಟಿ. ಬೆಂಗಳೂರು ಬೆಳೆದದ್ದಕ್ಕೆ ಐಟಿಯೇ ಕಾರಣ ಎಂಬ ನಿಮ್ಮ ಆಧಾರವನ್ನೇ ನಾನು ಒಪ್ಪುವುದಿಲ್ಲ. 1971ರಲ್ಲಿ 16.5 ಲಕ್ಷ ಇದ್ದ ಊರು 1981ಕ್ಕೆ 29.2 ಲಕ್ಷವಾಯಿತು. ಆಗಲೂ ಗಡಿ ಹಿಗ್ಗಿತ್ತು ಎಂಬುದನ್ನು ಬಿಟ್ಟುಕೊಟ್ಟರೂ, 2001ರ ನಂತರದ ದಶಕಕ್ಕಿಂತ ಆ ದರ ಬಹಳ ಹೆಚ್ಚು. ಅಮೆರಿಕದ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬಂದು ಐಟಿಗೆ ದಾರಿ ತೆರೆದದ್ದು 1985ರಲ್ಲಿ. ಅದಕ್ಕೂ ಮೊದಲು ಊರನ್ನು ಬೆಳೆಸಿದವು ದೊಡ್ಡ ಕಾರ್ಖಾನೆಗಳು: 1940ರ ಎಚ್ಎಎಲ್ (ವಿಮಾನ), 1948ರ ಐಟಿಐ (ದೂರವಾಣಿ ಉಪಕರಣ), ನಂತರದ ಎಚ್ಎಂಟಿ, ಬಿಇಎಲ್, ಅವುಗಳಿಗೆ ಬಿಡಿಭಾಗ ಮಾಡಿಕೊಡುತ್ತಿದ್ದ ಪೀಣ್ಯದ ಸಣ್ಣ ಕಾರ್ಖಾನೆಗಳು. 1941ರಿಂದ 1951ರ ನಡುವೆಯೂ 4 ಲಕ್ಷ ಇದ್ದದ್ದು 7.8 ಲಕ್ಷದ ಹತ್ತಿರ ಹೋಯಿತು. ಅಲ್ಲೂ ಗಡಿಯ ಬಲೆ ಇದೆ: ನಗರ ಮತ್ತು ದಂಡು ಪ್ರದೇಶದ ಪುರಸಭೆಗಳು ಒಂದಾದದ್ದು 1949ರಲ್ಲಿ, ಆದ್ದರಿಂದ 1941ಕ್ಕೆ ಎರಡನ್ನೂ ಕೂಡಿಸಿದ ಅಂಕಿಯನ್ನೇ ತೆಗೆದುಕೊಳ್ಳಿ.

ಐಟಿ ಊರಿನ ಹಣದ ಹರಿವನ್ನು, ಬಾಡಿಗೆಯನ್ನು, ಹೊರವರ್ತುಲ ರಸ್ತೆಯ ಆಚೀಚಿನ ಹಳ್ಳಿಗಳನ್ನು ಬುಡಮೇಲು ಮಾಡಿತು. ಅದನ್ನು ಧೈರ್ಯವಾಗಿ ಬರೆಯಿರಿ. ಆದರೆ ಎಷ್ಟು ಜನ ಅದರಿಂದ ಬಂದರು ಎನ್ನಲು ಪಿಸಿಎ ಸಾಲದು. ಅದರಲ್ಲಿ ದುಡಿಯುವವರಿಗೆ ನಾಲ್ಕೇ ಬಗೆ: ಬೇಸಾಯಗಾರ, ಕೃಷಿ ಕೂಲಿ, ಗೃಹ ಕೈಗಾರಿಕೆ, ಇತರೆ. ಸಾಫ್ಟ್‌ವೇರ್ ಎಂಜಿನಿಯರ್, ಆಟೊ ಚಾಲಕ, ಗಾರ್ಮೆಂಟ್ಸ್‌ನ ಟೈಲರ್, ಸೆಕ್ಯುರಿಟಿಯವರು ಎಲ್ಲರೂ ‘ಇತರೆ’. ಉದ್ಯಮವಾರು ವಿಂಗಡಣೆಗೆ ಜನಗಣತಿಯ ಬಿ ಸರಣಿಯ ಕೋಷ್ಟಕಗಳಿಗೆ ಹೋಗಿ. ಪಿಸಿಎಯಿಂದ ಚೆನ್ನಾಗಿ ಸಿಗುವುದು ಬೇರೆ: ಒಂದು ಹಳ್ಳಿಯಲ್ಲಿ ಬೇಸಾಯಗಾರ ಮತ್ತು ಕೃಷಿ ಕೂಲಿಗಳ ಪಾಲು 2001ರಿಂದ 2011ಕ್ಕೆ ಎಷ್ಟು ಕುಸಿಯಿತು, ಜೊತೆಗೆ 0–6 ವಯಸ್ಸಿನ ಮಕ್ಕಳ ಪಾಲು ಏನಾಯಿತು. ಬೇಸಾಯ ಕುಸಿದು ಮಕ್ಕಳ ಪಾಲೂ ಜೋರಾಗಿ ಇಳಿದಿದ್ದರೆ, ಮನೆಯೊಂದರ ಜನವೂ ಕಡಿಮೆಯಾಗಿದ್ದರೆ, ಬಂದವರಲ್ಲಿ ಒಂಟಿಯಾಗಿರುವ ದುಡಿಮೆಗಾರರು ಹೆಚ್ಚಿರಬಹುದು. ಮಕ್ಕಳ ಪಾಲು ನಿಂತಿದ್ದರೆ ಸಂಸಾರಗಳು ಬಂದಿರಬಹುದು. ಇದು ಸುಳಿವು ಮಾತ್ರ, ಜನನ ದರವೂ ಇಳಿಯುತ್ತಿದ್ದ ಕಾಲವದು. ಆದ್ದರಿಂದ ಜಿಲ್ಲೆಯ ಸರಾಸರಿಯನ್ನು ಪಕ್ಕಕ್ಕಿಟ್ಟುಕೊಂಡೇ ಓದಿ.

ಜನಗಣತಿ ಮನುಷ್ಯನನ್ನು ಎಣಿಸುವುದು ಅವನು ವಾಸವಿರುವಲ್ಲಿ, ಉದ್ಯಮಗಳನ್ನು ಲೆಕ್ಕ ಹಾಕುವ ಆರ್ಥಿಕ ಗಣತಿ ಎಣಿಸುವುದು ಕೆಲಸ ಮಾಡುವಲ್ಲಿ. ಎರಡನ್ನೂ ಒಂದೇ ಪಟ್ಟಿಯಲ್ಲಿ ಬೆರೆಸಿದರೆ ಜನರಿಲ್ಲದ ಕಡೆ ಉದ್ಯೋಗ, ಉದ್ಯೋಗವಿಲ್ಲದ ಕಡೆ ಜನ ಕಾಣುತ್ತಾರೆ. ಜಿಲ್ಲಾವಾರು ಆದಾಯಕ್ಕೂ ಇದೇ ಮಾತು. ರಾಜ್ಯದ ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯದು, ಆದರೆ ಅದು ಉತ್ಪಾದನೆಯಾದ ಜಾಗದ ಲೆಕ್ಕ. ಬಿಡದಿಯಿಂದ ರೈಲು ಹತ್ತಿ ಬರುವವರ ದುಡಿಮೆಯೂ ಅದರಲ್ಲಿದೆ. ಅದನ್ನು ಜಿಲ್ಲೆಯ ಜನಸಂಖ್ಯೆಯಿಂದ ಭಾಗಿಸಿ ‘ಪ್ರತಿಯೊಬ್ಬರ ಆದಾಯ’ ಎನ್ನುವುದು ತಪ್ಪು.

ಜನಗಣತಿಯ ವಲಸೆ ಕೋಷ್ಟಕಗಳಾದ ಡಿ ಸರಣಿಯಲ್ಲಿ ಒಂದೇ ಎಚ್ಚರಿಕೆ: ಮಂಡ್ಯದಿಂದ ನಲವತ್ತು ವರ್ಷದ ಹಿಂದೆ ಬಂದ ಅಜ್ಜಿಯೂ ಅಲ್ಲಿ ವಲಸಿಗಳೇ. ಬಂದು 0–9 ವರ್ಷವಾದವರನ್ನಷ್ಟೇ ಬೇರ್ಪಡಿಸಿ, ಮದುವೆ ಮತ್ತು ಕೆಲಸದ ಕಾರಣಗಳನ್ನು ಬೇರೆ ಬೇರೆ ಓದಿ.

2001, 2011ರ ಪಕ್ಕದಲ್ಲಿ ‘ಈಗ’ ಎಂಬ ಮೂರನೇ ಕಾಲಂ ಹಾಕುವ ಆಸೆ ನಿಮಗಿದೆ. ಅದನ್ನು ಕೈಬಿಡಿ. 2021ರಲ್ಲಿ ಜನಗಣತಿ ನಡೆಯಲಿಲ್ಲ, ಮುಂದಿನದಕ್ಕೆ ಆಧಾರ ದಿನ 2027ರ ಮಾರ್ಚ್ 1. 1.3 ಕೋಟಿ, 1.4 ಕೋಟಿ ಎಂದು ಓಡಾಡುತ್ತಿರುವವು ಅಂದಾಜುಗಳು, ಯಾರೂ ಮನೆಮನೆಗೆ ಹೋಗಿ ಎಣಿಸಿದ್ದಲ್ಲ. ಮತದಾರರ ಪಟ್ಟಿಯೂ ಬೇಡ, ತಮ್ಮ ಹುಟ್ಟೂರಲ್ಲೇ ಓಟು ಇಟ್ಟುಕೊಂಡವರು ಅದರಲ್ಲಿ ಲೆಕ್ಕಕ್ಕಿಲ್ಲ. ವಿದ್ಯುತ್ ಮೀಟರು ಎಣಿಸಿದರೆ ಇಡೀ ಪಿಜಿಗೆ ಒಂದೇ ಮೀಟರು ಇರಬಹುದು.

ಗಡಿಯ ಗೊಂದಲ ಮುಗಿದಿಲ್ಲ, ಹೆಚ್ಚಾಗಿದೆ. 2025ರಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ಪಾಲಿಕೆಗಳು ಬಂದವು, 2011ರ 198 ವಾರ್ಡುಗಳ ಜಾಗದಲ್ಲಿ ಈಗ 369. ಅದೇ ವರ್ಷ ರಾಮನಗರ ಜಿಲ್ಲೆಯ ಹೆಸರು ಬೆಂಗಳೂರು ದಕ್ಷಿಣ ಎಂದಾಯಿತು. ಬೆಂಗಳೂರು ದಕ್ಷಿಣ ಈಗ ಒಂದು ಜಿಲ್ಲೆ, ಒಂದು ತಾಲ್ಲೂಕು, ಒಂದು ಪಾಲಿಕೆ, ಒಂದು ಲೋಕಸಭಾ ಕ್ಷೇತ್ರ. 198 ವಾರ್ಡುಗಳ ನಕ್ಷೆಯನ್ನು ಇಂದೇ ಇಳಿಸಿ ಇಟ್ಟುಕೊಳ್ಳಿ, ನಾಳೆ ಹಳೆಯ ಜಾಲತಾಣಗಳಲ್ಲಿ ಸಿಗದಿರಬಹುದು. ವಿಷಯವನ್ನೂ ಇಡೀ ನಗರದಿಂದ ಎರಡು ಹೋಬಳಿಗೆ ಇಳಿಸಿ: ಐಟಿ ಕಡೆಗೆ ವರ್ತೂರು, ಕಾರ್ಖಾನೆ ಕಡೆಗೆ ಆನೇಕಲ್ ತಾಲ್ಲೂಕಿನ ಜಿಗಣಿ. ಹಳ್ಳಿ ಹಳ್ಳಿಯಾಗಿ 2001 ಮತ್ತು 2011ರ ಅಂಕಿ ಹೊಂದಿಸಿದರೆ ಒಂದು ಪ್ರಬಂಧಕ್ಕೆ ಬೇಕಾದಷ್ಟು ಸಿಗುತ್ತದೆ. ಪ್ರತಿ ಕಾಲಂನ ತಲೆಯ ಮೇಲೆ ವರ್ಷದ ಜೊತೆಗೆ ಅದು ಯಾವ ವರ್ಷದ ಗಡಿ ಎಂಬುದನ್ನೂ ಬರೆಯಿರಿ.