ಓದುಗರ ಪ್ರಶ್ನೆಗಳಿಗೆ ಉತ್ತರ: ಹ್ಯಾಂಬರ್ಗ್‌ನಲ್ಲಿ ಕಾನೂನು ತಂತ್ರಜ್ಞಾನ ಕಲಿತ ಮೂರು ವಾರ

ಪ್ರಶ್ನೆ: ನಾನು ಪುಣೆಯಲ್ಲಿ ಐದು ವರ್ಷದ ಕಾನೂನು ಪದವಿಯ ನಾಲ್ಕನೆಯ ವರ್ಷದಲ್ಲಿ ಓದುತ್ತಿದ್ದೇನೆ. ಯುರೋಪಿನ ವಿದ್ಯಾಸಂಸ್ಥೆಯೊಂದು ನಡೆಸುವ ಕಾನೂನು ತಂತ್ರಜ್ಞಾನದ ಬೇಸಿಗೆ ಕೋರ್ಸಿಗೆ ಆಯ್ಕೆಯಾಗಿದ್ದೇನೆ. ತಾವು ವಿದ್ಯಾರ್ಥಿನಿಯಾಗಿದ್ದಾಗ, 2023ರಲ್ಲಿ, ಹ್ಯಾಂಬರ್ಗ್‌ನಲ್ಲಿ ಇಂಥದೇ ಕೋರ್ಸು ಮಾಡಿದ್ದಾಗಿ ಈ ಅಂಕಣದಲ್ಲಿ ಒಮ್ಮೆ ಹೇಳಿದ್ದಿರಿ. ಅಲ್ಲಿ ನಿಜವಾಗಿ ಏನು ಕಲಿಸುತ್ತಾರೆ? ಮೂರು ವಾರಗಳಲ್ಲಿ ಕಲಿತದ್ದು ನಮ್ಮ ಕೋರ್ಟುಗಳಲ್ಲಿ ಉಪಯೋಗಕ್ಕೆ ಬರುತ್ತದೆಯೇ?
– ಕಾನೂನು ವಿದ್ಯಾರ್ಥಿ, ಪುಣೆ

ಉತ್ತರ: ಬರುತ್ತದೆ. ಆದರೆ ಎಷ್ಟು ಬರುತ್ತದೆ ಎಂಬುದು ನೀವು ಇಲ್ಲಿಂದ ಏನನ್ನು ಕಟ್ಟಿಕೊಂಡು ಹೋಗುತ್ತೀರಿ ಎಂಬುದನ್ನು ಅವಲಂಬಿಸಿದೆ. ನಮ್ಮ ಕೋರ್ಸಿನಲ್ಲಿ ಬೆಳಗಿನ ಹೊತ್ತು ಪಾಠವಿರುತ್ತಿತ್ತು, ಮಧ್ಯಾಹ್ನ ಗುಂಪಿನ ಕೆಲಸ. ಕರಾರುಗಳನ್ನು ತಂತ್ರಾಂಶದಿಂದ ಸಿದ್ಧಪಡಿಸುವುದು, ಸಾವಿರಾರು ಇ-ಮೇಲ್‌ಗಳ ರಾಶಿಯಿಂದ ದಾವೆಗೆ ಬೇಕಾದವುಗಳನ್ನು ಹೆಕ್ಕುವುದು, ಯುರೋಪಿನಲ್ಲಿ 2018ರ ಮೇ 25ರಿಂದ ಅನ್ವಯವಾಗುತ್ತಿರುವ ದತ್ತಾಂಶ ರಕ್ಷಣೆಯ ನಿಯಮಗಳು, ಕೃತಕ ಬುದ್ಧಿಮತ್ತೆ – ಪಾಠದ ಪಟ್ಟಿ ಹೀಗಿತ್ತು. ಪಟ್ಟಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ. ನನಗೆ ದಕ್ಕಿದ ಪಾಠ ಮಾತ್ರ ಮಧ್ಯಾಹ್ನದ ಕೆಲಸದಲ್ಲಿ, ನನ್ನದೇ ತಪ್ಪಿನಿಂದ ದಕ್ಕಿತು. ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಮ್ಮ ಗುಂಪಿನಲ್ಲಿ ಬ್ರೆಜಿಲ್, ಪೋಲೆಂಡ್ ಮತ್ತು ನೈಜೀರಿಯಾದ ವಿದ್ಯಾರ್ಥಿಗಳಿದ್ದರು. ಸಾಮಾನ್ಯ ಜನ ಪದೇ ಪದೇ ಬರೆಸಿಕೊಳ್ಳುವ ಕಾಗದಪತ್ರವೊಂದನ್ನು ಆಯ್ದುಕೊಂಡು, ಕೇಳಿದ ಪ್ರಶ್ನೆಗಳಿಗೆ ಉತ್ತರಿಸುತ್ತ ಹೋದಂತೆ ಆ ಪತ್ರ ತಾನಾಗಿ ಸಿದ್ಧವಾಗುವ ವ್ಯವಸ್ಥೆಯೊಂದನ್ನು ನಾವು ಕಟ್ಟಬೇಕಿತ್ತು. ಮುಂಬಯಿಯಲ್ಲಿ ಮನೆಯನ್ನು ಬಾಡಿಗೆಗೆ ಕೊಡುವಾಗ ಬರೆಸುವ ಲೀವ್ ಅಂಡ್ ಲೈಸೆನ್ಸ್ ಕರಾರನ್ನು ನಾನು ಸೂಚಿಸಿದೆ. ಡೊಂಬಿವಲಿಯ ನಮ್ಮ ಬಾಡಿಗೆ ಮನೆಯಲ್ಲಿ 11 ತಿಂಗಳಿಗೊಮ್ಮೆ ಆ ಕರಾರಿನ ಮಾತು ಏಳುತ್ತಿದ್ದುದರಿಂದ ಅದು ನನಗೆ ಬಾಯಿಪಾಠವಾಗಿದೆಯೆಂದೇ ನಂಬಿದ್ದೆ. ಗೋಡೆಯ ಮೇಲೆ ಹಳದಿ ಚೀಟಿಗಳನ್ನು ಅಂಟಿಸುತ್ತ, ‘ಅವಧಿ ಒಂದು ವರ್ಷಕ್ಕಿಂತ ಕಡಿಮೆಯೇ?’ ಎಂಬ ಚೀಟಿಯಿಂದ ‘ಹೌದು’ ಎಂದು ಗೆರೆಯೆಳೆದು, ಅದರ ತುದಿಗೆ ‘ನೋಂದಣಿ ಬೇಕಿಲ್ಲ’ ಎಂದು ಬರೆದೆ. ನೋಂದಣಿ ಕಾಯ್ದೆಯ 17ನೆಯ ಕಲಮನ್ನು ಮಾತ್ರ ಓದಿದವರು ಯಾರಾದರೂ ಹಾಗೆಯೇ ಬರೆದಾರು. ಪೋಲೆಂಡಿನ ಸಹಪಾಠಿ, ಇದು ನಿಮ್ಮ ಇಡೀ ದೇಶದ ನಿಯಮವೋ ನಿಮ್ಮ ಊರಿನದೋ ಎಂದು ಕೇಳಿದಳು. ಆಗ ನೆನಪಾಯಿತು: 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೆಯ ಕಲಮಿನ ಪ್ರಕಾರ, ಅವಧಿ ಎಷ್ಟೇ ಇರಲಿ, ನಮ್ಮಲ್ಲಿ ಈ ಕರಾರು ಬರಹದಲ್ಲಿದ್ದು ನೋಂದಣಿಯಾಗಲೇಬೇಕು, ನೋಂದಣಿ ಮಾಡಿಸುವ ಹೊಣೆ ಮನೆಯ ಮಾಲೀಕರದು, ಅವರು ಮಾಡಿಸದೆ ಹೋದರೆ, ಷರತ್ತುಗಳ ಬಗ್ಗೆ ಬಾಡಿಗೆದಾರರು ಹೇಳಿದ್ದೇ, ಬೇರೆ ರೀತಿಯಲ್ಲಿ ರುಜುವಾತಾಗುವವರೆಗೆ, ಊರ್ಜಿತವಾಗುತ್ತದೆ.

ಆ ಚೀಟಿಯನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ನಾನು ಬಹಳ ಹೊತ್ತು ಸುಮ್ಮನೆ ನಿಂತಿದ್ದೆ. ಕರಾರು ಬರೆಯುವ ವಕೀಲರೊಬ್ಬರು ತಪ್ಪಿದರೆ ಒಬ್ಬ ಕಕ್ಷಿದಾರರಿಗೆ ತೊಂದರೆ. ಅದೇ ತಪ್ಪು ತಂತ್ರಾಂಶದೊಳಗೆ ಸೇರಿಕೊಂಡರೆ, ಅದನ್ನು ನಂಬಿದ ಪ್ರತಿಯೊಂದು ಮನೆಗೂ ತೊಂದರೆ, ಅದೂ ಯಾರ ಗಮನಕ್ಕೂ ಬಾರದಂತೆ. ಆದ್ದರಿಂದ ನೀವು ಹೊರಡುವ ಮೊದಲು ಒಂದು ತಿಂಗಳಾದರೂ ಪುಣೆಯ ಶಿವಾಜಿನಗರದ ಜಿಲ್ಲಾ ನ್ಯಾಯಾಲಯದಲ್ಲಿ ಯಾರಾದರೂ ವಕೀಲರ ಹಿಂದೆ ಓಡಾಡಿ. ಅರ್ಜಿ ಎಲ್ಲಿ ಸಲ್ಲಿಕೆಯಾಗುತ್ತದೆ, ಯಾವ ಆಕ್ಷೇಪಣೆಗೆ ಹಿಂದಿರುಗುತ್ತದೆ, ಮೊಕದ್ದಮೆಯ ಗುರುತಾದ 16 ಅಕ್ಷರಾಂಕಗಳ ಸಿಎನ್‌ಆರ್ ಸಂಖ್ಯೆ ಹಿಡಿದು ಮುಂದಿನ ತಾರೀಖನ್ನು ಮೊಬೈಲಿನಲ್ಲಿ ನೋಡಲು ಹಳ್ಳಿಯಿಂದ ಬಂದ ಕಕ್ಷಿದಾರರು ಎಷ್ಟು ತಡವರಿಸುತ್ತಾರೆ – ಇವನ್ನು ಕಣ್ಣಾರೆ ಕಂಡು, ಅವುಗಳಲ್ಲಿ ಒಂದನ್ನು ನಿಮ್ಮ ಸಮಸ್ಯೆಯಾಗಿ ಬರೆದುಕೊಂಡು ಹೋಗಿ. ಬರಿಗೈಯಲ್ಲಿ ಹೋದವರು ಯುರೋಪಿನ ದೊಡ್ಡ ಕಂಪನಿಗಳ ಸಮಸ್ಯೆಗಳನ್ನೇ ತಮ್ಮದೆಂದುಕೊಂಡು ಹಿಂದಿರುಗುತ್ತಾರೆ.

ಕೃತಕ ಬುದ್ಧಿಮತ್ತೆಯ ತರಗತಿಯ ಬಗ್ಗೆಯೂ ಒಂದು ಮಾತು. ನಾವು ಅಲ್ಲಿ ತಲುಪುವುದಕ್ಕೆ ಕೆಲವೇ ವಾರಗಳ ಮೊದಲು, 2023ರ ಜೂನ್ 22ರಂದು, ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ಮಾತಾ ವಿರುದ್ಧ ಏವಿಯಾಂಕಾ ಪ್ರಕರಣದಲ್ಲಿ ಇಬ್ಬರು ವಕೀಲರಿಗೂ ಅವರ ಸಂಸ್ಥೆಗೂ ಸೇರಿ 5,000 ಡಾಲರ್ ದಂಡ ವಿಧಿಸಿತ್ತು. ಚಾಟ್‌ಜಿಪಿಟಿ ಒದಗಿಸಿದ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಅವರು ನ್ಯಾಯಾಲಯದ ಮುಂದೆ ಉಲ್ಲೇಖಿಸಿದ್ದರು. ಪ್ರಶ್ನಿಸಿದ ಮೇಲೂ ಕೂಡಲೇ ತಪ್ಪೊಪ್ಪಿಕೊಳ್ಳಲಿಲ್ಲ. ಆ ಆದೇಶವನ್ನು ನಮ್ಮಿಂದ ಸಾಲುಸಾಲಾಗಿ ಓದಿಸಿದರು. ಅಂದಿನಿಂದ ಇಂದಿನವರೆಗೆ, ನಾನೇ ತೆರೆದು ಓದದ ತೀರ್ಪನ್ನು ನಾನು ವಾದಪತ್ರದಲ್ಲಿ ಬರೆದಿಲ್ಲ. ಸುಪ್ರೀಂ ಕೋರ್ಟಿನ ವರದಿಯಾದ ತೀರ್ಪುಗಳು ಆ ಕೋರ್ಟಿನದೇ ಅಂತರ್ಜಾಲ ಸಂಗ್ರಹವಾದ ಇ-ಎಸ್‌ಸಿಆರ್‌ನಲ್ಲಿ 2023ರ ಜನವರಿಯಿಂದ ಉಚಿತವಾಗಿ ಸಿಗುತ್ತಿರುವಾಗ ಓದದೆ ಬಿಡುವುದಕ್ಕೆ ನೆಪವೂ ಇಲ್ಲ.

ನೇರವಾಗಿ ನನ್ನ ವೃತ್ತಿಗೆ ಬಂದದ್ದು ಹ್ಯಾಶ್ ಮೌಲ್ಯದ ಪಾಠ. ಒಂದು ಪುಟದ ಕಡತಕ್ಕೆ ಗಣಕಯಂತ್ರವು 64 ಅಕ್ಷರ-ಅಂಕಿಗಳ ಸಾಲೊಂದನ್ನು ಕೊಟ್ಟಿತು. ಶಿಕ್ಷಕಿ ಅದೇ ಕಡತದಲ್ಲಿ ಒಂದೇ ಒಂದು ಪೂರ್ಣವಿರಾಮವನ್ನು ಅಳಿಸಿ ಮತ್ತೆ ಲೆಕ್ಕ ಹಾಕಿಸಿದರು. ಈ ಬಾರಿ ಬಂದದ್ದು ಗುರುತೇ ಸಿಗದಷ್ಟು ಬೇರೆಯಾದ ಸಾಲು. ಕಡತವನ್ನು ಯಾರೂ ತಿದ್ದಿಲ್ಲವೆಂದು ತೋರಿಸುವ ಬೆರಳಚ್ಚು ಇದು. ನಾವು ಇದನ್ನು ಕಲಿಯುತ್ತಿದ್ದ ತಿಂಗಳಲ್ಲೇ, ಆಗಸ್ಟ್ 11ರಂದು, ಭಾರತೀಯ ಸಾಕ್ಷ್ಯ ಮಸೂದೆಯು ಲೋಕಸಭೆಯಲ್ಲಿ ಮಂಡನೆಯಾಯಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಆ ಕಾಯ್ದೆಯ 63ನೆಯ ಕಲಮಿನಡಿ ವಿದ್ಯುನ್ಮಾನ ದಾಖಲೆಯ ಜೊತೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಈಗ ಹ್ಯಾಶ್ ಮೌಲ್ಯವನ್ನು ನಮೂದಿಸಬೇಕು. ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರ ಜುಲೈ 14ರಂದು ಹೇಳಿದ್ದು ನಮ್ಮದೇ ರಾಜ್ಯದ ಜಾಲನಾ ಕ್ಷೇತ್ರದ ಚುನಾವಣಾ ತಕರಾರಿನಲ್ಲಿ. ಇಂದು ವಾಟ್ಸ್‌ಆಪ್ ಸಂದೇಶಗಳ ಮುದ್ರಿತ ಪ್ರತಿಯನ್ನಷ್ಟೇ ಹಿಡಿದು ಬರುವ ಕಕ್ಷಿದಾರರಿಗೆ ನಾನು ಮೊದಲು ಹೇಳುವ ಮಾತು: ಮೊಬೈಲನ್ನು ಮಾರಬೇಡಿ, ಸಂದೇಶಗಳನ್ನು ಅಳಿಸಬೇಡಿ.

ಪ್ರಶ್ನೆ: ನನ್ನ ಮಗಳು ಮುಂಬಯಿಯಲ್ಲಿ ಕಾನೂನು ಓದುತ್ತಿದ್ದಾಳೆ. ಅವಳೂ ಇಂಥ ಕೋರ್ಸಿಗೆ ವಿದೇಶಕ್ಕೆ ಹೋಗಬೇಕೆನ್ನುತ್ತಾಳೆ. ಖರ್ಚು ದೊಡ್ಡದು. ಇದರಿಂದ ಅವಳಿಗೆ ಅಲ್ಲಿಯೇ ಉದ್ಯೋಗ ಸಿಗಬಹುದೇ?
– ಗೃಹಿಣಿ, ಮುಲುಂಡ್

ಉತ್ತರ: ಅಮ್ಮ, ಆ ಆಸೆಯಿಂದ ಕಳುಹಿಸಬೇಡಿ. ಕೆಲವು ವಾರಗಳ ಪ್ರಮಾಣಪತ್ರವು ಪದವಿಯಲ್ಲ. ಅಲ್ಲಿ ವಕಾಲತ್ತು ನಡೆಸುವ ಹಕ್ಕನ್ನು ಅದು ಕೊಡುವುದಿಲ್ಲ. ಜರ್ಮನಿಯೂ ಸೇರಿದಂತೆ ಯುರೋಪಿನ ಹಲವು ದೇಶಗಳಿಗೆ ಸಲ್ಲುವ ಅಲ್ಪಾವಧಿಯ ಷೆಂಗೆನ್ ವೀಸಾ ಕೂಡ 180 ದಿನಗಳಲ್ಲಿ 90 ದಿನಗಳ ವಾಸಕ್ಕೆ ಮಾತ್ರ. ಇಲ್ಲಿ ವಕೀಲಳಾಗಲು ಮಾನ್ಯತೆ ಪಡೆದ ಪದವಿ, ರಾಜ್ಯ ಬಾರ್ ಕೌನ್ಸಿಲಿನ ನೋಂದಣಿ ಮತ್ತು ಅಖಿಲ ಭಾರತ ಬಾರ್ ಪರೀಕ್ಷೆ ಬೇಕೇ ಬೇಕು. ನಮ್ಮ ದೇಶದಲ್ಲಂತೂ ಈ ವಿದ್ಯೆಗೆ ಕೆಲಸವಿದೆ: ಇ-ಕೋರ್ಟ್ ಯೋಜನೆಯ ಮೂರನೆಯ ಹಂತಕ್ಕೆ ಕೇಂದ್ರ ಸಂಪುಟ 2023ರ ಸೆಪ್ಟೆಂಬರಿನಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿದೆ. ಆದರೂ ಸಾಲ ಮಾಡಿ ಕಳುಹಿಸುವ ಅಗತ್ಯ ನನಗೆ ಕಾಣುವುದಿಲ್ಲ. ಶುಲ್ಕದಲ್ಲಿ ರಿಯಾಯಿತಿ ಇದೆಯೇ ಎಂದು ಸಂಸ್ಥೆಗೆ ಮಗಳೇ ಪತ್ರ ಬರೆದು ಕೇಳಲಿ, ಮನೆಯ ಸ್ಥಿತಿಯನ್ನು ಮುಚ್ಚುಮರೆಯಿಲ್ಲದೆ ತಿಳಿಸಲಿ. ನಾನು ಹೋಗಲು ಸಾಧ್ಯವಾದದ್ದು ಅಂಥ ಪತ್ರದಿಂದಲೇ. ವೀಸಾ ಅರ್ಜಿಯನ್ನು ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದಲೇ ಸಲ್ಲಿಸಬಹುದಾದ್ದರಿಂದ ಕೊನೆಯ ಗಳಿಗೆಗೆ ಉಳಿಸಬಾರದು. ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು.

ಪ್ರಶ್ನೆ: ನಾನು ಹತ್ತನೆಯ ತರಗತಿಯವರೆಗೆ ಮುಂಬಯಿಯ ಕನ್ನಡ ಮಾಧ್ಯಮದಲ್ಲಿ ಓದಿದವನು. ನನಗೆ ಕೋಡಿಂಗ್ ಬಾರದು, ಇಂಗ್ಲಿಷ್ ಮಾತನಾಡಲು ಹಿಂಜರಿಕೆ. ಇಂಥ ಕೋರ್ಸುಗಳು ನನ್ನಂಥವರಿಗೆ ಆಗುತ್ತವೆಯೇ?
– ಕಾನೂನು ವಿದ್ಯಾರ್ಥಿ, ಠಾಣೆ

ಉತ್ತರ: ಖಂಡಿತ ಆಗುತ್ತವೆ. ನಮ್ಮ ತರಗತಿಯಲ್ಲಿ ಕೋಡಿಂಗ್ ಬಲ್ಲವರು ಬೆರಳೆಣಿಕೆಯಷ್ಟು ಮಂದಿ. ಇಂಗ್ಲಿಷಿನ ವಿಷಯಕ್ಕೆ ಬಂದರೆ, ಅಲ್ಲಿದ್ದ ಬಹುಪಾಲು ಜನರಿಗೆ ಅದು ಎರಡನೆಯ ಅಥವಾ ಮೂರನೆಯ ಭಾಷೆ. ಯಾರೂ ಯಾರ ಉಚ್ಚಾರಣೆಯನ್ನೂ ಅಳೆಯಲಿಲ್ಲ.

ನಿಮ್ಮ ಕನ್ನಡ ಅಲ್ಲಿ ಕೊರತೆಯಾಗುವುದಿಲ್ಲ, ಬಲವಾಗುತ್ತದೆ. ಅನುವಾದ ತಂತ್ರಾಂಶಗಳ ತರಗತಿಗೆ ನಾನು ಉಡುಪಿ ಕಡೆಯ ನಮ್ಮ ಅಜ್ಜನ ಕಾಲದ ಮೂಲಗೇಣಿ ಚೀಟಿನ ಒಂದು ವಾಕ್ಯವನ್ನು ಒಯ್ದಿದ್ದೆ. ಮೂಲಗೇಣಿಯೆಂದರೆ ವಂಶಪಾರಂಪರ್ಯವಾಗಿ ನಡೆಯುವ ಶಾಶ್ವತ ಗೇಣಿ. ಅದನ್ನು ಹೊಂದಿದವರಿಗೆ ಒಡೆತನ ಕೊಡಲೆಂದೇ ಕರ್ನಾಟಕವು 2011ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿತು. ನಾವು ಬಳಸಿದ ತಂತ್ರಾಂಶವು ಆ ಪದವನ್ನು ‘ಮೊದಲಿನ ಬಾಡಿಗೆ’ ಎಂಬ ಅರ್ಥದ ಇಂಗ್ಲಿಷಿಗೆ ತಿರುಗಿಸಿತು. ತಲೆತಲಾಂತರದ ಹಕ್ಕು ಒಂದು ಮೊತ್ತವಾಗಿಬಿಟ್ಟಿತು. ಅಲ್ಲಿದ್ದ ಯಾರಿಗೂ ಆ ತಪ್ಪು ಕಾಣುವಂತಿರಲಿಲ್ಲ, ಕನ್ನಡ ಬಲ್ಲವಳು ನಾನೊಬ್ಬಳೇ. ನಮ್ಮ ಸುಪ್ರೀಂ ಕೋರ್ಟ್ ತೀರ್ಪುಗಳನ್ನು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ತರಲು 2019ರ ನವೆಂಬರಿನಲ್ಲಿ ‘ಸುವಾಸ್’ ಎಂಬ ತಂತ್ರಾಂಶವನ್ನು ಆರಂಭಿಸಿದೆ. ಇಂಥ ಯಂತ್ರಾನುವಾದವನ್ನು ಪರಿಶೀಲಿಸಿ ತಿದ್ದಲು ಎರಡೂ ಭಾಷೆಗಳ ಕಾನೂನು ಪದಗಳನ್ನು ಬಲ್ಲವರು ಬೇಕು. ಮುಂಬಯಿಯಲ್ಲಿ ನೆಲೆಸಿ ಊರಿನ ಆಸ್ತಿಗಾಗಿ ದಾವೆ ನಡೆಸುವ ಕನ್ನಡಿಗರ ಮನೆಗಳಲ್ಲಿ ಇಂಥ ಹಳೆಯ ಪತ್ರಗಳು ಬೇಕಾದಷ್ಟಿವೆ.

ನೀವು ಅರ್ಜಿ ಹಾಕುವ ಮೊದಲು ನಿಮ್ಮ ಮನೆಯ ಅಥವಾ ಪರಿಚಿತರ ಅಂಥ ಪತ್ರವೊಂದನ್ನು ಕೇಳಿ ಪಡೆದು, ಹಿರಿಯರೊಬ್ಬರ ಜೊತೆ ಕುಳಿತು ಪದಪದವಾಗಿ ಓದಿ. ತಿಳಿಯದ ಪದಗಳ ಪಟ್ಟಿ ಮಾಡಿ. ನೆರಳಚ್ಚು ಪ್ರತಿಯಲ್ಲಿ ಹೆಸರು ಮತ್ತು ಸರ್ವೆ ನಂಬರುಗಳನ್ನು ಮುಚ್ಚಿ, ಆ ಪಟ್ಟಿಯೊಂದಿಗೆ ಅದನ್ನು ನಿಮ್ಮ ಚೀಲದಲ್ಲಿ ಇಟ್ಟುಕೊಳ್ಳಿ.