ದೊಡ್ಡವರ ಕಥೆ ಓದಿ ಕೆಲಸ ಬಿಡಲೇ?

ಪ್ರಶ್ನೆ: ಮೇಡಂ, ನನಗೆ 33 ವರ್ಷ. ದಾವಣಗೆರೆ ಎಪಿಎಂಸಿಯ ಒಂದು ದಲ್ಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸೀಸನ್‌ನಲ್ಲಿ ಮನೆ ಸೇರುವುದೇ ರಾತ್ರಿ ಒಂಬತ್ತಕ್ಕೆ. ಚಿತ್ರ ಬರೆಯುವ ಹುಚ್ಚು ಚಿಕ್ಕಂದಿನಿಂದ ಇದೆ. ಎರಡು ವರ್ಷದಿಂದ ಕಲಾವಿದರ, ವಿಜ್ಞಾನಿಗಳ ಜೀವನಚರಿತ್ರೆ ಓದುತ್ತಿದ್ದೇನೆ. ಎಲ್ಲ ಬಿಟ್ಟು ಬಣ್ಣಕ್ಕಾಗಿಯೇ ಬದುಕಿದ ವ್ಯಾನ್‌ಗೋ ಬಗ್ಗೆ ಓದಿದ ಮೇಲೆ ನಿದ್ದೆ ಬರುತ್ತಿಲ್ಲ. ರಾಮಾನುಜನ್ ಅಂತೂ ನನ್ನ ವಯಸ್ಸಿಗೆ ಮುಂಚೆಯೇ ಎಲ್ಲ ಮಾಡಿ ಹೋಗಿಬಿಟ್ಟರು. ನನ್ನ ಸಂಬಳ ಅಮ್ಮನ ಔಷಧಿ, ಮಗಳ ಫೀಸಿಗೇ ಸರಿಹೋಗುತ್ತದೆ. ಬಣ್ಣ, ಹಾಳೆಗೆ ಅಣ್ಣನ ಹತ್ತಿರ ಕೇಳಬೇಕು. ಅವನದು ಮಂಡಕ್ಕಿ ಭಟ್ಟಿ, ಚಿತ್ರ ಗಿತ್ರ ಅವನಿಗೆ ತಿಳಿಯಲ್ಲ. ಕೆಲಸ ಬಿಡಲೇ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಬಿಡಬೇಡಿ.

ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಅಣ್ಣನ ಮಾತನ್ನು. ನೀವು ಅದನ್ನು ಕೊನೆಯಲ್ಲಿ, ಸುಮ್ನೆ ಸೇರಿಸಿದ ಹಾಗೆ ಬರೆದಿದ್ದೀರಿ. ವ್ಯಾನ್‌ಗೋ ಕಥೆಯನ್ನು ಇನ್ನೊಂದು ಸಲ ಓದಿ, ಈ ಸಲ ಅವನ ತಮ್ಮ ಥಿಯೋ ಮೇಲೆ ಕಣ್ಣಿಟ್ಟು ಓದಿ. ವ್ಯಾನ್‌ಗೋ ಚಿತ್ರ ಬರೆಯಬೇಕು ಎಂದು ಗಟ್ಟಿಯಾಗಿ ನಿಂತಿದ್ದು 1880ರಲ್ಲಿ, 27ನೇ ವಯಸ್ಸಿನಲ್ಲಿ. ಅದಕ್ಕೆ ಮುಂಚೆ ಚಿತ್ರ ಮಾರುವ ಅಂಗಡಿಯ ಕೆಲಸ ಹೋಗಿತ್ತು, ಗಣಿ ಕಾರ್ಮಿಕರ ನಡುವೆ ಧರ್ಮ ಬೋಧಿಸುವ ಕೆಲಸವೂ ಹೋಗಿತ್ತು. ಅಂದರೆ ಕೈಯಲ್ಲಿದ್ದ ಕೆಲಸ ಒದ್ದು ಬಂದವನಲ್ಲ ಅವನು. ಆಮೇಲಿನ ಹತ್ತು ವರ್ಷ ಅವನ ಊಟ, ಬಾಡಿಗೆ, ಬಣ್ಣ, ಕ್ಯಾನ್ವಾಸ್ ಎಲ್ಲ ನಡೆದಿದ್ದು ಬಹುಪಾಲು ಥಿಯೋ ಕಳಿಸಿದ ದುಡ್ಡಿನಲ್ಲಿ. ತಮ್ಮನಿಗೆ ಬರೆದ 600ಕ್ಕೂ ಹೆಚ್ಚು ಪತ್ರ ಉಳಿದಿವೆ. ಅವುಗಳಲ್ಲಿ ಕಲೆಯ ಮಾತು ಎಷ್ಟಿದೆಯೋ, ದುಡ್ಡು ಬಂತು, ಬಣ್ಣ ಮುಗೀತು, ಇಂಥ ಬಣ್ಣ ಕಳಿಸು ಅನ್ನುವ ಮಾತೂ ಅಷ್ಟೇ ಸಿಗುತ್ತದೆ.

1890ರ ಜುಲೈನಲ್ಲಿ ವ್ಯಾನ್‌ಗೋ ತೀರಿಹೋದ. ಆರು ತಿಂಗಳಿಗೆ ಥಿಯೋ ಕೂಡ ಹೋದ. ಉಳಿದಿದ್ದು ಥಿಯೋ ಹೆಂಡತಿ (ಅವಳ ಹೆಸರು ಯೋ), ಇನ್ನೂ ವರ್ಷ ತುಂಬದ ಮಗು, ಮತ್ತು ರಾಶಿ ರಾಶಿ ಚಿತ್ರ. ಆ ಹೆಣ್ಣುಮಗಳು ಮನೆಯಲ್ಲೇ ಬಾಡಿಗೆಯವರನ್ನು ಇಟ್ಟುಕೊಂಡು, ಅವರಿಗೆ ಅಡುಗೆ ಮಾಡಿಸಿ ಹಾಕಿ ಸಂಸಾರ ನಡೆಸಿದಳು, ಚಿತ್ರಗಳನ್ನು ಕಾಪಾಡಿದಳು, ಪ್ರದರ್ಶನಗಳಿಗೆ ಕಳಿಸಿದಳು, 1914ರಲ್ಲಿ ಪತ್ರಗಳನ್ನು ಅಚ್ಚು ಹಾಕಿಸಿದಳು. ಅವಳಿಲ್ಲದಿದ್ದರೆ ದಾವಣಗೆರೆಯಲ್ಲಿ ಕೂತು ನೀವು ಅವನ ಹೆಸರು ಕೇಳುತ್ತಿದ್ದಿರಾ? ಇದನ್ನು ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಭಟ್ಟಿಯ ಬಿಸಿಗೆ ಮೈಯೊಡ್ಡಿ ದುಡಿದ ದುಡ್ಡಲ್ಲಿ ನಿಮಗೆ ಬಣ್ಣ ಬರುತ್ತಿದೆ. ಅಣ್ಣನಿಗೆ ಚಿತ್ರ ತಿಳಿಯಲ್ಲ ಎಂದಿರಿ. ತಿಳಿಯದೆಯೂ ಕೊಡುತ್ತಿದ್ದಾರಲ್ಲ! ಒಂದು ಚಿತ್ರ ಅವರಿಗೆ ತೋರಿಸಿದ್ದೀರಾ?

ರಾಮಾನುಜನ್ ವಿಷಯಕ್ಕೆ ಬರುತ್ತೇನೆ. ಅವರು ಎಫ್.ಎ. (ಆಗಿನ ಕಾಲೇಜಿನ ಮೊದಲ ಹಂತ) ಪರೀಕ್ಷೆಯಲ್ಲಿ ಫೇಲಾಗಿ, ಕೆಲಸಕ್ಕೆ ಅಲೆದು, 1912ರಲ್ಲಿ ಮದ್ರಾಸ್ ಪೋರ್ಟ್ ಟ್ರಸ್ಟಿನಲ್ಲಿ ತಿಂಗಳಿಗೆ 30 ರೂಪಾಯಿಗೆ ಗುಮಾಸ್ತರಾಗಿ ಸೇರಿದರು. ಮರುವರ್ಷ ಜನವರಿಯಲ್ಲಿ ಕೇಂಬ್ರಿಡ್ಜಿನ ಗಣಿತಜ್ಞ ಹಾರ್ಡಿಗೆ ಬರೆದ ಆ ಹೆಸರಾಂತ ಪತ್ರದ ಶುರುವಿನಲ್ಲೇ ತಾನು ಲೆಕ್ಕಪತ್ರ ವಿಭಾಗದ ಗುಮಾಸ್ತ ಎಂದು ಹೇಳಿಕೊಂಡಿದ್ದಾರೆ. ನಿಮ್ಮದೂ ಲೆಕ್ಕ ಬರೆಯುವ ಕೆಲಸವೇ ಅಲ್ವಾ? ಅವರು 32ಕ್ಕೆ ತೀರಿಹೋದದ್ದು ಸಂಕಟದ ವಿಷಯ. ಅದನ್ನು ವಯಸ್ಸಿನ ಅಳತೆಗೋಲು ಮಾಡಿಕೊಳ್ಳಬೇಡಿ. ಅಳೆಯಲೇಬೇಕು ಎಂದರೆ ಹಿಂದೂಸ್ತಾನಿ ಗಾಯಕ ಮಲ್ಲಿಕಾರ್ಜುನ ಮನ್ಸೂರರನ್ನು ನೋಡಿ. ಹುಟ್ಟಿದ್ದು 1910ರಲ್ಲಿ, ಪದ್ಮಶ್ರೀ ಬಂದದ್ದು 1970ರಲ್ಲಿ. ಅಷ್ಟೂ ವರ್ಷ ರಿಯಾಜ್ ನಡೆದೇ ಇತ್ತು.

ಇನ್ನೊಂದು ಮಾತು. 1885ರಲ್ಲಿ ಆಲೂಗಡ್ಡೆ ತಿನ್ನುವ ರೈತರ ಚಿತ್ರ ಬರೆಯುವ ಮುಂಚೆ ವ್ಯಾನ್‌ಗೋ ಒಂದಿಡೀ ಚಳಿಗಾಲ ರೈತರ ಮುಖಗಳನ್ನೇ ಬರೆದ, ಸುಮಾರು 40 ಮುಖ. ನಿಮ್ಮ ಕಣ್ಣೆದುರು ದಿನಾ ಹಮಾಲರು ಚೀಲ ಹೊರುತ್ತಾರೆ, ರೇಟು ಎಷ್ಟಾಗುತ್ತದೋ ಎಂದು ರೈತರು ಜೋಳದ ರಾಶಿ ಪಕ್ಕದಲ್ಲೇ ಕೂತಿರುತ್ತಾರೆ. ಲೆಕ್ಕದ ಪುಸ್ತಕದ ಜೊತೆ ಒಂದು ಚಿಕ್ಕ ನೋಟ್‌ಬುಕ್ ಇಟ್ಟುಕೊಳ್ಳಿ. ದಿನಕ್ಕೊಂದು ಮುಖ ಸಾಕು, ಪೆನ್ಸಿಲ್ ಸಾಕು. ಸೀಸನ್ ಮುಗಿದ ಮೇಲೆ ನನಗೆ ಬರೆಯಿರಿ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸು. ಮಹಾನ್ ವ್ಯಕ್ತಿಗಳ ಪುಸ್ತಕ ತಂದುಕೊಟ್ಟರೆ ಮುಟ್ಟುವುದೇ ಇಲ್ಲ. ಏನು ಮಾಡಲಿ?
– ಒಬ್ಬ ತಾಯಿ, ಚಿತ್ರದುರ್ಗ

ಉತ್ತರ: ‘ಅವರನ್ನು ನೋಡಿ ಕಲಿ’ ಎಂದು ಹೇಳಿ ಕೊಟ್ಟಿರಾ ಅಮ್ಮಾ? ಹಾಗೆ ಕೊಟ್ಟ ಪುಸ್ತಕ ಬೈಗುಳದ ಹಾಗೆ ಕೇಳುತ್ತದೆ. ಸದ್ಯಕ್ಕೆ ಅವು ಕಪಾಟಿನಲ್ಲೇ ಇರಲಿ. ಒಂದು ಭಾನುವಾರ ಅವನ ಜೊತೆ ಕೋಟೆ ಹತ್ತಿ. ಓಬವ್ವನ ಕಿಂಡಿ ಹತ್ತಿರ ನಿಂತು, ಗಂಡ ಊಟಕ್ಕೆ ಕೂತಾಗ ನೀರು ತರಲು ಹೋದ ಹೆಂಗಸು ಅವಳು ಎಂದಷ್ಟೇ ಹೇಳಿ, ಉಳಿದದ್ದು ಅವನೇ ಕೇಳಲಿ. ಮೇಲೆ ಹೋದಾಗ ಕಾದಂಬರಿಕಾರ ತ.ರಾ.ಸು. ಬಗ್ಗೆ ಹೇಳಿ. ಈ ಕೋಟೆಯ ಕಥೆಗೆ ಮತ್ತೆ ಮತ್ತೆ ಮರಳಿದವರು ಅವರು. ‘ದುರ್ಗಾಸ್ತಮಾನ’ಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಹೋಗಿ ಒಂದು ವರ್ಷ ಆಗಿತ್ತು. ಕೇಳಿಸಿಕೊಂಡರೆ ಕೇಳಿಸಿಕೊಳ್ಳಲಿ, ಇಲ್ಲದಿದ್ದರೆ ಬಿಡಿ. ಬೆಳಗ್ಗೆ ಬೇಗ ಹೊರಡಿ, ಬಂಡೆ ಕಾದರೆ ಹತ್ತುವುದು ಕಷ್ಟ. ನೀರು ಜಾಸ್ತಿ ಇಟ್ಟುಕೊಳ್ಳಿ.